ಯಾವ ಫಾರ್ವರ್ಡ್ ಅಪರಾಧ, ಯಾವುದು ಅಲ್ಲ?

2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದ ಗದ್ದಲದ ನಡುವೆಯೇ ಕರ್ನಾಟಕ ದ್ವೇಷ ಭಾಷಣ ಮತ್ತು ದ್ವೇಷ ಅಪರಾಧಗಳ ತಡೆ ವಿಧೇಯಕಕ್ಕೆ ಉಭಯ ಸದನಗಳ ಒಪ್ಪಿಗೆ ಸಿಕ್ಕಿತು. ಒಂದರಿಂದ ಏಳು ವರ್ಷಗಳವರೆಗೆ ಜೈಲು, ಮೇಲೆ ದಂಡ, ಸಾಲದ್ದಕ್ಕೆ ಜಾಮೀನು ರಹಿತ ಅಪರಾಧ ಎಂಬ ಸುದ್ದಿ ಹೊರಬಿದ್ದದ್ದೇ ತಡ, ಮೊಬೈಲ್ ಬಳಸುವವರೆಲ್ಲರ ಪ್ರಶ್ನೆ ಒಂದೇ ಆಯಿತು: ಯಾರೋ ಕಳುಹಿಸಿದ್ದನ್ನು ಇನ್ನೊಬ್ಬರಿಗೆ ಕಳುಹಿಸಿದರೂ ಪೊಲೀಸರು ಮನೆಗೆ ಬರುತ್ತಾರೆಯೇ?

ಪತ್ರಿಕೆಗಳಲ್ಲಿ ಬಂದ ಕೋರ್ಟ್ ಸುದ್ದಿಗಳಲ್ಲಿ ಇದಕ್ಕೆ ಉತ್ತರ ಹುಡುಕಿದರೆ ಗೊಂದಲ ಹೆಚ್ಚುತ್ತದೆ. ಪೋಸ್ಟ್ ಒಂದಕ್ಕೆ ಲೈಕ್ ಒತ್ತಿದರೆ ಅದನ್ನು ಪ್ರಕಟಿಸಿದಂತೆ ಆಗುವುದಿಲ್ಲ ಎಂದು ಅಲಹಾಬಾದ್ ಹೈಕೋರ್ಟ್ 2025ರಲ್ಲಿ ಹೇಳಿತು. ಫಾರ್ವರ್ಡ್ ಮಾಡಿದವರು ಅದರಲ್ಲಿರುವುದನ್ನು ಅನುಮೋದಿಸಿದಂತೆಯೇ ಎಂದು ಮದ್ರಾಸ್ ಹೈಕೋರ್ಟ್ 2023ರಲ್ಲಿ ಹೇಳಿತ್ತು. ಗ್ರೂಪಿನ ಅಡ್ಮಿನ್ ಹೊಣೆಯಲ್ಲ ಎಂದು ಕೇರಳ ಹೈಕೋರ್ಟ್ ಹೇಳಿದೆ. ಅಡ್ಮಿನ್‌ಗಳನ್ನು ಬಂಧಿಸಿದ ಸುದ್ದಿಗಳು ನಮ್ಮದೇ ಜಿಲ್ಲೆಗಳಿಂದ ಬಂದಿವೆ.

ಇವು ಒಂದಕ್ಕೊಂದು ತಾಳೆಯಾಗದಂತೆ ಕಂಡರೂ ಒಳಗೊಂದು ಎಳೆಯಿದೆ. ಕಾನೂನು ಎರಡು ಬಗೆಯ ಅಪರಾಧಗಳನ್ನು ಬೇರೆ ಬೇರೆಯಾಗಿ ನೋಡುತ್ತದೆ. ಮೊದಲನೆಯದು ಅಭಿಪ್ರಾಯಕ್ಕೆ ಸಂಬಂಧಿಸಿದ್ದು. ಅಲ್ಲಿ ಹೇಳಿದವರ ಉದ್ದೇಶ ಏನಿತ್ತು ಎಂಬುದೇ ಮುಖ್ಯ. ಎರಡನೆಯದು ಒಬ್ಬ ವ್ಯಕ್ತಿಯ ದೇಹ, ಮಾನ, ಗುರುತಿಗೆ ಸಂಬಂಧಿಸಿದ್ದು. ಅಲ್ಲಿ ದಾಟಿಸಿದ್ದೇ, ಕೆಲವೊಮ್ಮೆ ಅಳಿಸದೆ ಇಟ್ಟುಕೊಂಡದ್ದೇ ಸಾಕಾಗುತ್ತದೆ. ರಾಜಕೀಯದ ಮಾತು ಬರೆಯಲು ಹತ್ತು ಬಾರಿ ಯೋಚಿಸುವವರು ಯಾರದೋ ಖಾಸಗಿ ವಿಡಿಯೊವನ್ನು ಅರೆಕ್ಷಣದಲ್ಲಿ ದಾಟಿಸಿಬಿಡುತ್ತಾರೆ. ಕಾನೂನಿನ ಕಣ್ಣಲ್ಲಿ ಅಪಾಯದ ಲೆಕ್ಕ ಇದಕ್ಕೆ ತಿರುವುಮುರುವಾಗಿದೆ.

66ಎ ಹೋಯಿತು, ಉಳಿದದ್ದೇನು?

ಗೊಂದಲದ ಬೇರು 2012ರಲ್ಲಿದೆ. ಬಾಳ್ ಠಾಕ್ರೆ ನಿಧನದ ನಂತರ ಮುಂಬೈ ಬಂದ್ ಆದದ್ದನ್ನು ಪ್ರಶ್ನಿಸಿ ಮಹಾರಾಷ್ಟ್ರದ ಪಾಲ್ಘರ್‌ನ ಯುವತಿಯೊಬ್ಬರು ಫೇಸ್‌ಬುಕ್‌ನಲ್ಲಿ ಬರೆದರು, ಇನ್ನೊಬ್ಬರು ಅದಕ್ಕೆ ಲೈಕ್ ಒತ್ತಿದರು. ಇಬ್ಬರನ್ನೂ ಪೊಲೀಸರು ಬಂಧಿಸಿದರು. ಆಗ ಬಳಕೆಯಾದದ್ದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ. ಆನ್‌ಲೈನ್‌ನಲ್ಲಿ ಕಿರಿಕಿರಿ ಉಂಟುಮಾಡುವ ಸಂದೇಶ ಕಳುಹಿಸುವುದನ್ನೂ ಅದು ಅಪರಾಧವಾಗಿಸಿತ್ತು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಆ ಕಲಂ ಅನ್ನು ಅಸಾಂವಿಧಾನಿಕ ಎಂದು ರದ್ದು ಮಾಡಿತು.

ಆ ತೀರ್ಪಿನಿಂದ ಇಂಟರ್ನೆಟ್‌ನಲ್ಲಿ ಏನು ಬರೆದರೂ ನಡೆಯುತ್ತದೆ ಎಂಬ ನಂಬಿಕೆ ಬೆಳೆಯಿತು. ಆದರೆ ರದ್ದಾದದ್ದು ಒಂದು ಕಲಂ ಮಾತ್ರ. ಪಂಗಡಗಳ ನಡುವೆ ವೈರ ಹುಟ್ಟಿಸುವುದು, ಧಾರ್ಮಿಕ ಭಾವನೆಗೆ ಬೇಕೆಂದೇ ಧಕ್ಕೆ ತರುವುದು, ಭೀತಿ ಹುಟ್ಟಿಸುವ ವದಂತಿ ಹಬ್ಬಿಸುವುದು ಹಳೆಯ ದಂಡ ಸಂಹಿತೆಯಲ್ಲಿ ಅಪರಾಧಗಳಾಗಿಯೇ ಉಳಿದವು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅವು ಕ್ರಮವಾಗಿ 196, 299 ಮತ್ತು 353ನೇ ಕಲಂಗಳು. ಇತ್ತ ರದ್ದಾದ 66ಎ ಅಡಿಯಲ್ಲೂ ಠಾಣೆಗಳಲ್ಲಿ ವರ್ಷಗಟ್ಟಲೆ ಪ್ರಕರಣಗಳು ದಾಖಲಾಗುತ್ತಲೇ ಇದ್ದವು. 2022ರಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಆದೇಶಿಸಿ ಅದನ್ನು ನಿಲ್ಲಿಸಬೇಕಾಯಿತು. ಕೋರ್ಟು ಹೇಳಿದ ಮಾತು ಠಾಣೆಗೆ ತಲುಪಲು ತಗಲುವ ಕಾಲವನ್ನು ಓದುಗರು ನೆನಪಿನಲ್ಲಿಡಬೇಕು. ಈ ಇಡೀ ಚರ್ಚೆಯಲ್ಲಿ ಅದು ಮತ್ತೆ ಮತ್ತೆ ಎದುರಾಗುತ್ತದೆ.

ಮುರ್ಕಿಯಲ್ಲಿ ನಡೆದದ್ದು

ಫಾರ್ವರ್ಡ್‌ಗಳನ್ನು ಕಾನೂನು ಅವುಗಳ ಪಾಡಿಗೆ ಬಿಟ್ಟುಬಿಡಲಿ ಎನ್ನುವವರು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದ ಘಟನೆಯನ್ನು ನೆನೆಯಬೇಕು. 2018ರ ಜುಲೈನಲ್ಲಿ ಹೈದರಾಬಾದಿನಿಂದ ಕಾರಿನಲ್ಲಿ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಆಗ ಮಕ್ಕಳ ಕಳ್ಳರ ವದಂತಿ ವಾಟ್ಸ್‌ಆ್ಯಪ್‌ನಲ್ಲಿ ಊರೂರು ಸುತ್ತುತ್ತಿದ್ದ ಕಾಲ. ಜನ ಮುತ್ತಿದಾಗ ಅವರು ಕಾರು ಹತ್ತಿ ಹೊರಟರು. ಕಾರಿಗಿಂತ ಮೊದಲು ಸಂದೇಶ ಮುರ್ಕಿ ತಲುಪಿತು. ಅಲ್ಲಿ ದಾರಿ ಕಟ್ಟಿದ್ದ ಗುಂಪು ಹೊಡೆದ ಹೊಡೆತಕ್ಕೆ ಒಬ್ಬ ಯುವಕ ಪ್ರಾಣ ಬಿಟ್ಟ, ಜೊತೆಗಿದ್ದವರು ಗಾಯಗೊಂಡರು. ಬಂಧಿತರಾದವರಲ್ಲಿ ಗ್ರೂಪಿನ ಅಡ್ಮಿನ್ ಕೂಡ ಇದ್ದ. ದೇಶದ ಹಲವೆಡೆ ಇಂಥ ಕೊಲೆಗಳು ನಡೆದ ಮೇಲೆ, ಅದೇ ತಿಂಗಳು, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡಬಹುದು ಎಂಬ ಮಿತಿಯನ್ನು ವಾಟ್ಸ್‌ಆ್ಯಪ್ ತರಲು ಹೊರಟಿತು.

ಆ ಸಂದೇಶ ಕಳುಹಿಸಿದವರಲ್ಲಿ ಬಹುತೇಕರಿಗೆ ಕೊಲ್ಲಿಸುವ ಉದ್ದೇಶವಿರಲಿಲ್ಲ, ಊರಿನ ಮಕ್ಕಳನ್ನು ಉಳಿಸುವ ಆತುರವಿತ್ತು ಎಂದೇ ಇಟ್ಟುಕೊಳ್ಳೋಣ. ಕಾನೂನಿನ ಕಷ್ಟ ಇರುವುದು ಅಲ್ಲಿಯೇ. 353ನೇ ಕಲಂನಲ್ಲಿ ಇದಕ್ಕೊಂದು ಉತ್ತರವಿದೆ: ಸುದ್ದಿ ನಿಜವೆಂದು ನಂಬಲು ಸಕಾರಣವಿದ್ದು, ದುರುದ್ದೇಶವಿಲ್ಲದೆ, ಸದ್ಭಾವನೆಯಿಂದ ಹಂಚಿಕೊಂಡಿದ್ದರೆ ಅದು ಅಪರಾಧವಲ್ಲ. ಗಮನಿಸಬೇಕಾದದ್ದು ‘ಸಕಾರಣ’ ಎಂಬ ಷರತ್ತನ್ನು. ಯಾರೋ ಕಳುಹಿಸಿದರು, ನಾನೂ ಕಳುಹಿಸಿದೆ ಎಂಬುದು ಸಕಾರಣ ಎನಿಸುವುದು ಕಷ್ಟ. ಕಳುಹಿಸುವ ಮೊದಲು ಠಾಣೆಗೆ ಒಂದು ಕರೆ ಮಾಡಿ ವಿಚಾರಿಸಿದವನಿಗೆ, ಒಂದು ಪತ್ರಿಕೆಯ ವರದಿ ನೋಡಿ ನಂಬಿದವನಿಗೆ ಆ ವಿನಾಯಿತಿ ಕೇಳಲು ಆಧಾರವಾದರೂ ಇರುತ್ತದೆ.

ಅಭಿಪ್ರಾಯಕ್ಕೆ ಕೋರ್ಟು ಕೊಡುವ ರಕ್ಷಣೆ

ಶುದ್ಧ ಅಭಿಪ್ರಾಯದ ವಿಷಯದಲ್ಲಿ ಮೇಲಿನ ಕೋರ್ಟುಗಳು ಉದಾರವಾಗಿವೆ. ಕೊಲ್ಹಾಪುರದ ಪ್ರಾಧ್ಯಾಪಕರೊಬ್ಬರು 2022ರ ಆಗಸ್ಟ್‌ನಲ್ಲಿ, 370ನೇ ವಿಧಿ ರದ್ದಾದ ದಿನವನ್ನು ಕರಾಳ ದಿನವೆಂದೂ, ಆಗಸ್ಟ್ 14ರಂದು ಪಾಕಿಸ್ತಾನಕ್ಕೆ ಸ್ವಾತಂತ್ರ್ಯ ದಿನದ ಶುಭಾಶಯವೆಂದೂ ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿದರು. ವೈರ ಹುಟ್ಟಿಸಿದ ಆರೋಪದ ಮೇಲೆ ಪ್ರಕರಣ ದಾಖಲಾಯಿತು. 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಗೊಳಿಸಿತು. ಮಾತಿನ ಪರಿಣಾಮವನ್ನು ವಿವೇಕವುಳ್ಳ, ಗಟ್ಟಿ ಮನಸ್ಸಿನ ವ್ಯಕ್ತಿಯ ದೃಷ್ಟಿಯಿಂದ ಅಳೆಯಬೇಕೇ ಹೊರತು, ಪ್ರತಿಯೊಂದರಲ್ಲೂ ಅಪಾಯ ಕಾಣುವವರ ದೃಷ್ಟಿಯಿಂದ ಅಲ್ಲ ಎಂಬುದು ಅದರ ನಿಲುವು. ಸರ್ಕಾರದ ತೀರ್ಮಾನವನ್ನು ಟೀಕಿಸುವುದು ಪ್ರಜೆಯ ಹಕ್ಕು ಎಂದೂ ಅದು ಹೇಳಿತು.

ಈ ಉದಾರತೆಗೂ ಒಂದು ಎಲ್ಲೆಯಿದೆ. ತಮಿಳುನಾಡಿನ ನಟ, ಮಾಜಿ ಶಾಸಕ ಎಸ್.ವಿ. ಶೇಖರ್ 2018ರಲ್ಲಿ ಮಹಿಳಾ ಪತ್ರಕರ್ತರನ್ನು ಹೀನಾಯವಾಗಿ ನಿಂದಿಸಿದ ಬರಹವೊಂದನ್ನು ಫೇಸ್‌ಬುಕ್‌ನಲ್ಲಿ ಹಂಚಿಕೊಂಡರು. ಓದದೆ ಹಂಚಿಕೊಂಡೆ, ತಿಳಿದ ತಕ್ಷಣ ಅಳಿಸಿದೆ, ಕ್ಷಮೆ ಕೇಳಿದೆ ಎಂಬುದು ಅವರ ವಾದವಾಗಿತ್ತು. ಕಳುಹಿಸಿದ ಸಂದೇಶ ಬಿಲ್ಲಿನಿಂದ ಹೊರಟ ಬಾಣದಂತೆ, ಅದು ಮಾಡಿದ ಹಾನಿಗೆ ಕ್ಷಮೆಯಾಚನೆ ಪರಿಹಾರವಲ್ಲ ಎಂದು ಮದ್ರಾಸ್ ಹೈಕೋರ್ಟ್ ಹೇಳಿತು. ಸುಪ್ರೀಂ ಕೋರ್ಟ್ ಮಧ್ಯೆ ಬರಲಿಲ್ಲ. 2024ರಲ್ಲಿ ಚೆನ್ನೈನ ವಿಶೇಷ ನ್ಯಾಯಾಲಯ ಅವರಿಗೆ ಒಂದು ತಿಂಗಳ ಸೆರೆವಾಸ ವಿಧಿಸಿತು.

ಎರಡೂ ಪ್ರಕರಣಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಒಂದರಲ್ಲಿ ಸರ್ಕಾರದ ನಡೆಯ ಬಗ್ಗೆ ಅಸಮಾಧಾನವಿತ್ತು. ಇನ್ನೊಂದರಲ್ಲಿ ಕಣ್ಣೆದುರಿನ ಮಹಿಳೆಯರ ಮಾನದ ಮೇಲೆ ದಾಳಿಯಿತ್ತು. ಅಲಹಾಬಾದ್ ಹೈಕೋರ್ಟಿನ ಲೈಕ್ ತೀರ್ಪು ಕೂಡ ಇದರ ಜೊತೆ ಹೊಂದುತ್ತದೆ: ಲೈಕ್ ಒತ್ತಿದರೆ ಸಂದೇಶ ಹೊಸಬರಿಗೆ ಕಳುಹಿಸಿದಂತಾಗುವುದಿಲ್ಲ, ಹಂಚಿಕೊಂಡರೆ ಆಗುತ್ತದೆ ಎಂಬುದೇ ಅದರ ತಿರುಳು.

ದಾಟಿಸಿದ್ದೇ ಅಪರಾಧವಾಗುವ ಕಡೆ

2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ, ಹಾಸನದಲ್ಲಿ ಪೆನ್‌ಡ್ರೈವ್‌ಗಳು ಹರಿದಾಡಿದವು. ಆಗಿನ ಸಂಸದ ಪ್ರಜ್ವಲ್ ರೇವಣ್ಣ ಅವರ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪಕ್ಕೆ ಸಂಬಂಧಿಸಿದ, ಅವುಗಳಲ್ಲಿದ್ದ ವಿಡಿಯೊಗಳಲ್ಲಿ ಮಹಿಳೆಯರ ಮುಖಗಳನ್ನು ಮಸುಕುಗೊಳಿಸಿರಲಿಲ್ಲ. ಕೆಲವೇ ದಿನಗಳಲ್ಲಿ ಅವು ಫೋನಿನಿಂದ ಫೋನಿಗೆ ಹಬ್ಬಿದವು. ಮನೆಕೆಲಸದವರು, ಪಕ್ಷದ ಕಾರ್ಯಕರ್ತೆಯರು, ಏನೋ ಕೆಲಸಕ್ಕೆಂದು ಬಂದವರು ಎಲ್ಲರೂ ಊರಿನವರ ಬಾಯಿಗೆ ಬಿದ್ದರು. ಎಷ್ಟೋ ಕುಟುಂಬಗಳು ಮನೆಗೆ ಬೀಗ ಹಾಕಿ ಹೊರಟುಹೋದವು. ವಿಡಿಯೊ ಹಂಚಿಕೊಳ್ಳುವವರ ಮೇಲೂ ಕ್ರಮ ಜರುಗಿಸುವುದಾಗಿ ವಿಶೇಷ ತನಿಖಾ ತಂಡ ಸಾರ್ವಜನಿಕವಾಗಿ ಎಚ್ಚರಿಸಬೇಕಾಯಿತು. ಹರಡಿದ ಆರೋಪದ ಮೇಲೆ ಪ್ರತ್ಯೇಕ ಪ್ರಕರಣ ದಾಖಲಾಗಿ ಬಂಧನಗಳೂ ನಡೆದವು.

ಹಂಚಿದವರಲ್ಲಿ ಹಲವರ ಸಮರ್ಥನೆ, ತಪ್ಪಿತಸ್ಥನನ್ನು ಬಯಲಿಗೆಳೆಯಲು ಹಾಗೆ ಮಾಡಿದೆವು ಎಂಬುದಾಗಿತ್ತು. ಕಾನೂನು ಈ ಮಾತಿಗೆ ಕಿವಿಗೊಡುವುದಿಲ್ಲ. ಲೈಂಗಿಕ ಕ್ರಿಯೆಯನ್ನು ನೇರವಾಗಿ ತೋರಿಸುವ ವಿಡಿಯೊವನ್ನು ಪ್ರಕಟಿಸುವುದು ಅಥವಾ ರವಾನಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಎ ಕಲಂ ಪ್ರಕಾರ ಅಪರಾಧ. ಮೊದಲ ಬಾರಿಗೇ ಐದು ವರ್ಷಗಳವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. ಕೆಟ್ಟ ಉದ್ದೇಶವಿರಬೇಕು ಎಂಬ ಷರತ್ತು ಆ ಕಲಂನಲ್ಲಿ ಇಲ್ಲ. ಅತ್ಯಾಚಾರದ ಪ್ರಕರಣಗಳಲ್ಲಿ ಒಂದರಲ್ಲಿ ಪ್ರಜ್ವಲ್ ರೇವಣ್ಣ ಅವರಿಗೆ ವಿಚಾರಣಾ ನ್ಯಾಯಾಲಯ 2025ರ ಆಗಸ್ಟ್‌ನಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. ಆ ಶಿಕ್ಷೆಗೆ ಆಧಾರವಾದದ್ದು ಸಂತ್ರಸ್ತೆ ಧೈರ್ಯವಾಗಿ ನುಡಿದ ಸಾಕ್ಷ್ಯ ಮತ್ತು ತನಿಖಾ ತಂಡ ಕಲೆಹಾಕಿದ ಪುರಾವೆ. ಗ್ರೂಪುಗಳಲ್ಲಿ ಸುತ್ತಿದ ಪ್ರತಿಗಳಿಂದ ಆ ಹೆಣ್ಣುಮಕ್ಕಳಿಗೆ ಸಿಕ್ಕಿದ್ದು ಎರಡನೇ ಸಲದ ಹಿಂಸೆ ಮಾತ್ರ.

ಇದಕ್ಕಿಂತಲೂ ಹೆಚ್ಚು ಜನ ಅರಿಯದೆ ಮಾಡುವ ತಪ್ಪೊಂದಿದೆ. ಅತ್ಯಾಚಾರಕ್ಕೆ ಒಳಗಾದವರ ಹೆಸರು, ಫೋಟೊ ಅಥವಾ ಗುರುತು ಸಿಗುವಂಥ ಯಾವುದೇ ವಿವರವನ್ನು ಪ್ರಕಟಿಸುವುದು ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಎರಡು ವರ್ಷಗಳವರೆಗೆ ಜೈಲಿಗೆ ಕಾರಣವಾಗಬಹುದು. ಸಂತ್ರಸ್ತೆ ಮೃತಪಟ್ಟಿದ್ದರೂ ಈ ನಿರ್ಬಂಧ ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿಯೇ ಹೇಳಿದೆ. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯ ವೈದ್ಯೆಯ ಹತ್ಯೆಯಾದಾಗ ದೇಶದುದ್ದಕ್ಕೂ ಜನ ಅವರ ಫೋಟೊ, ಹೆಸರು ಹಾಕಿ ನ್ಯಾಯ ಕೇಳಿದರು. ಅವೆಲ್ಲವನ್ನೂ ತೆಗೆದುಹಾಕುವಂತೆ ಸುಪ್ರೀಂ ಕೋರ್ಟ್ ಆದೇಶಿಸಿತು. ಮೊಂಬತ್ತಿ ಹಚ್ಚಿದ ಚಿತ್ರದ ಪಕ್ಕ ಫೋಟೊ ಅಂಟಿಸಿ ಸ್ಟೇಟಸ್ ಹಾಕಿದವರ ದುಃಖ ನಿಜವಾದದ್ದೇ ಇರಬಹುದು. ಆದರೂ ಆ ಫೋಟೊ ಹಾಕುವ ಹಕ್ಕು ಅವರಿಗಿರಲಿಲ್ಲ.

ಫೋನಿನಲ್ಲಿ ಉಳಿದುಹೋದದ್ದು

ಮಕ್ಕಳ ಲೈಂಗಿಕ ಶೋಷಣೆಯ ಚಿತ್ರ ಅಥವಾ ವಿಡಿಯೊಗಳ ವಿಷಯದಲ್ಲಿ ಕಾನೂನು ಇನ್ನೂ ಬಿಗಿ. ಇಲ್ಲಿ ದಾಟಿಸುವುದು ಬೇಕಾಗಿಯೇ ಇಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಂ ಇಂಥವನ್ನು ಹುಡುಕುವುದು, ಜಾಲಾಡುವುದು, ಡೌನ್‌ಲೋಡ್ ಮಾಡುವುದು ಎಲ್ಲವನ್ನೂ ಹೆಸರಿಸುತ್ತದೆ. ಹಾಗಿದ್ದೂ ಕೋರ್ಟುಗಳೇ ಇಲ್ಲಿ ಎಡವಿದ್ದವು. ಖಾಸಗಿಯಾಗಿ ಡೌನ್‌ಲೋಡ್ ಮಾಡಿ ನೋಡುವುದು ಅಪರಾಧವಲ್ಲ ಎಂದು 2024ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತು. ಅದೇ ವರ್ಷದ ಜುಲೈನಲ್ಲಿ ಕರ್ನಾಟಕ ಹೈಕೋರ್ಟ್ ಕೂಡ, ಕೇವಲ ನೋಡಿದ್ದಕ್ಕೆ 67ಬಿ ಅನ್ವಯಿಸದು ಎಂದು ಒಂದು ಪ್ರಕರಣ ರದ್ದು ಮಾಡಿತು. ಆದರೆ ಕಲಂನ ಇನ್ನೊಂದು ಭಾಗವನ್ನು ಗಮನಿಸದೆ ಹೋದದ್ದು ತಿಳಿದು, ಕೆಲವೇ ದಿನಗಳಲ್ಲಿ ತನ್ನ ಆದೇಶವನ್ನು ತಾನೇ ಹಿಂಪಡೆಯಿತು. ಮೊದಲ ಆದೇಶದ ಸುದ್ದಿ ಎಲ್ಲರನ್ನೂ ತಲುಪಿತು, ಹಿಂಪಡೆದ ಸುದ್ದಿ ಅಷ್ಟು ದೂರ ಹೋಗಲಿಲ್ಲ.

ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಮದ್ರಾಸ್ ತೀರ್ಪನ್ನು ತಳ್ಳಿಹಾಕಿತು. ಇಂಥ ವಿಡಿಯೊ ಫೋನಿನಲ್ಲಿದ್ದು, ಅದನ್ನು ಅಳಿಸದೆ, ಸಂಬಂಧಪಟ್ಟವರಿಗೆ ತಿಳಿಸದೆ ಇಟ್ಟುಕೊಂಡರೆ, ಹಂಚುವ ಉದ್ದೇಶವಿತ್ತು ಎಂದು ಊಹಿಸಲು ಪೋಕ್ಸೊ ಕಾಯ್ದೆಯ 15ನೇ ಕಲಂ ಅವಕಾಶ ಕೊಡುತ್ತದೆ ಎಂದಿತು. ಡೌನ್‌ಲೋಡ್ ಮಾಡದೆ ಆನ್‌ಲೈನ್‌ನಲ್ಲೇ ನೋಡಿದರೂ, ಅದು ನೋಡುಗನ ಹತೋಟಿಯಲ್ಲಿದ್ದಷ್ಟು ಹೊತ್ತು ಅವನ ಬಳಿ ಇದ್ದಂತೆಯೇ. ಆದರೆ ಗೊತ್ತಿಲ್ಲದ ಲಿಂಕ್ ಒತ್ತಿ, ಏನೆಂದು ತಿಳಿದ ಕೂಡಲೇ ಮುಚ್ಚಿ, ಸಂಬಂಧಪಟ್ಟವರಿಗೆ ತಿಳಿಸಿದವನು ಅಪರಾಧಿಯಲ್ಲ.

ಇದರ ಪರಿಣಾಮ ನೇರವಾಗಿ ಒಂದು ಸೆಟ್ಟಿಂಗ್‌ಗೆ ಬಂದು ನಿಲ್ಲುತ್ತದೆ. ಗ್ರೂಪಿಗೆ ಬಂದ ವಿಡಿಯೊ ತಾನಾಗಿ ಫೋನಿನ ಗ್ಯಾಲರಿಗೆ ಇಳಿಯುವಂತೆ ಬಿಟ್ಟಿದ್ದರೆ, ನೀವು ತೆರೆದೇ ನೋಡದ ಸಂಗತಿಯೂ ನಿಮ್ಮ ಬಳಿ ಉಳಿದಿರುತ್ತದೆ. ತಿಳಿಯದೆ ಇದ್ದುದಕ್ಕೆ ಶಿಕ್ಷೆಯಾಗದಿರಬಹುದು, ಆದರೆ ತಿಳಿದಿರಲಿಲ್ಲ ಎಂದು ವಿವರಿಸುವ ಕಷ್ಟ ನಿಮ್ಮದೇ. ಪೊಲೀಸರಿಗೆ ಹೇಗೆ ಗೊತ್ತಾಗುತ್ತದೆ ಎಂಬ ಪ್ರಶ್ನೆಗೂ ಉತ್ತರವಿದೆ. ಅಮೆರಿಕದ ಕಾನೂನಿನಂತೆ ಅಲ್ಲಿನ ಇಂಟರ್ನೆಟ್ ಕಂಪನಿಗಳು ಇಂಥದ್ದು ಕಣ್ಣಿಗೆ ಬಿದ್ದರೆ ಅಲ್ಲಿನ ಮಕ್ಕಳ ರಕ್ಷಣಾ ಕೇಂದ್ರಕ್ಕೆ ವರದಿ ಮಾಡಲೇಬೇಕು. ಆ ವರದಿ ನಮ್ಮ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊಗೆ ಬಂದು, ಅಲ್ಲಿಂದ ರಾಜ್ಯಕ್ಕೆ, ಕೊನೆಗೆ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಠಾಣೆಗೆ ಇಳಿಯುತ್ತದೆ. ಇಂಥ ವಿಡಿಯೊ ಬಂದರೆ, ಮಗುವನ್ನು ಪತ್ತೆ ಮಾಡೋಣ ಎಂದು ಹತ್ತು ಜನರಿಗೆ ಕಳುಹಿಸುವುದು ಅತ್ಯಂತ ಕೆಟ್ಟ ದಾರಿ. ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ದೂರು ದಾಖಲಿಸಬಹುದು.

ಅಡ್ಮಿನ್ ಹೊಣೆ

ಗ್ರೂಪಿನಲ್ಲಿ ಬಂದದ್ದಕ್ಕೆಲ್ಲ ಅಡ್ಮಿನ್ ಹೊಣೆಯೇ? ಇದರ ಉತ್ತರ ಚಿಕ್ಕದು. ಸದಸ್ಯರು ಹಾಕುವ ಸಂದೇಶಕ್ಕೆ ಅಡ್ಮಿನ್ ತಾನಾಗಿ ಹೊಣೆಯಲ್ಲ ಎಂದು ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಸದಸ್ಯರನ್ನು ಸೇರಿಸುವುದು, ತೆಗೆಯುವುದು ಬಿಟ್ಟರೆ ಅವರಿಗೆ ಬೇರೆ ಅಧಿಕಾರವಿಲ್ಲ, ಒಬ್ಬರ ಅಪರಾಧವನ್ನು ಇನ್ನೊಬ್ಬರ ತಲೆಗೆ ಕಟ್ಟಲು ಕಾನೂನಿನಲ್ಲಿ ಸ್ಪಷ್ಟ ಅವಕಾಶ ಬೇಕು ಎಂಬುದು ಕಾರಣ. ಅಡ್ಮಿನ್ ಆ ಕೃತ್ಯದಲ್ಲಿ ಸೇರಿಕೊಂಡಿದ್ದರೆ ಮಾತ್ರ ಸಿಕ್ಕಿಬೀಳುತ್ತಾರೆ. ಆದರೂ 2017ರಲ್ಲಿ ಉತ್ತರ ಕನ್ನಡದ ಮುರ್ಡೇಶ್ವರದಲ್ಲಿ, ಪ್ರಧಾನಿಯವರ ತಿರುಚಿದ ಚಿತ್ರ ಗ್ರೂಪಿನಲ್ಲಿ ಹಂಚಿಕೆಯಾದದ್ದಕ್ಕೆ ಆಟೊ ಚಾಲಕನಾಗಿದ್ದ ಅಡ್ಮಿನ್ ಬಂಧನಕ್ಕೊಳಗಾಗಿದ್ದ.

ಕರಾವಳಿಯ ಗ್ರೂಪುಗಳಲ್ಲಿ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವರು ಸಾಕಷ್ಟಿರುತ್ತಾರೆ. ಅವರು ನೆನಪಿಡಬೇಕಾದದ್ದು, ತಾವಿರುವ ನೆಲದ ಕಾನೂನೂ ತಮಗೆ ಅನ್ವಯಿಸುತ್ತದೆ ಎಂಬುದನ್ನು. ಯುಎಇಯ 2021ರ ಸೈಬರ್ ಅಪರಾಧ ಕಾನೂನಿನಲ್ಲಿ ಸುಳ್ಳು ವದಂತಿ ಹಬ್ಬಿಸಿದರೆ ಕನಿಷ್ಠ ಒಂದು ವರ್ಷ ಜೈಲು ಮತ್ತು ಒಂದು ಲಕ್ಷ ದಿರ್ಹಂ ದಂಡವಿದೆ. ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಫೋಟೊ ತೆಗೆದು ಹಂಚಿದರೂ ಅಲ್ಲಿ ಜೈಲು ಪಾಲಾಗಬಹುದು.

ತೀರ್ಪಿಗೆ ಮುಂಚಿನ ಶಿಕ್ಷೆ

ಕೊಲ್ಹಾಪುರದ ಪ್ರಾಧ್ಯಾಪಕರಿಗೆ ನ್ಯಾಯ ಸಿಕ್ಕಿತು ನಿಜ. ಅದಕ್ಕೆ ಅವರು ಬಾಂಬೆ ಹೈಕೋರ್ಟಿನಲ್ಲಿ ಸೋತು, ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ಒಂದೂವರೆ ವರ್ಷ ಹಿಡಿಯಿತು. ಹಾಗೆ ದೆಹಲಿಯವರೆಗೆ ಹೋಗುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಎಫ್‌ಐಆರ್ ಆದ ದಿನ ಮೊದಲು ಕೈತಪ್ಪುವುದು ಮೊಬೈಲ್. ಅದು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋದರೆ ತಿಂಗಳುಗಟ್ಟಲೆ ವಾಪಸಾಗುವುದಿಲ್ಲ. ಬ್ಯಾಂಕ್ ವ್ಯವಹಾರ, ಆಧಾರ್ ಒಟಿಪಿ, ದಿನದ ದುಡಿಮೆ ಎಲ್ಲವೂ ಅದೇ ಫೋನಿನ ಮೇಲೆ ನಿಂತಿರುವವರಿಗೆ ಅದೇ ಒಂದು ಶಿಕ್ಷೆ. ಪಾಸ್‌ಪೋರ್ಟ್ ಮತ್ತು ಕೆಲಸದ ಪೊಲೀಸ್ ಪರಿಶೀಲನೆಯಲ್ಲಿ ಪ್ರಕರಣದ ಹೆಸರು ಎದ್ದು ಕಾಣುತ್ತದೆ.

ಈ ಹಂತದಲ್ಲಿ ನಾಗರಿಕರಿಗೆ ಕೆಲವು ರಕ್ಷಣೆಗಳಿವೆ. ಏಳು ವರ್ಷಗಳವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಕಾರಣ ದಾಖಲಿಸದೆ ಬಂಧಿಸುವಂತಿಲ್ಲ, ಸಾಮಾನ್ಯವಾಗಿ ಮೊದಲು ಹಾಜರಾಗುವಂತೆ ನೋಟಿಸ್ ಕೊಡಬೇಕು. ಆ ನೋಟಿಸನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ‘ಡಿಜಿಟಲ್ ಅರೆಸ್ಟ್’ ಎಂದು ವಿಡಿಯೊ ಕರೆಯಲ್ಲಿ ಹೆದರಿಸಿ ಹಣ ಕೀಳುವವರು ಬೆಳೆದಿರುವುದೇ ಜನರಿಗೆ ಈ ನಿಯಮಗಳು ತಿಳಿಯದಿರುವುದರಿಂದ.

ಹೊಸ ವಿಧೇಯಕ ಏನನ್ನು ಬದಲಿಸುತ್ತದೆ?

ಸರ್ಕಾರದ ವಾದ ಹೀಗಿದೆ: ದ್ವೇಷದ ಮಾತು ಬೀದಿ ಗಲಭೆಗೆ ಕಾರಣವಾಗುತ್ತಿದೆ, ಇರುವ ಕಲಂಗಳು ಸಾಲುತ್ತಿಲ್ಲ. ದ್ವೇಷ ಭಾಷಣದ ಬಗ್ಗೆ ದೂರಿಗೆ ಕಾಯದೆ ಪ್ರಕರಣ ದಾಖಲಿಸಿ ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೂ ಸೂಚಿಸಿದ್ದು ಈ ವಾದಕ್ಕೆ ಬಲ ಕೊಡುತ್ತದೆ. ಜಾತಿ, ಧರ್ಮಗಳ ಜೊತೆಗೆ ಲಿಂಗ, ಲೈಂಗಿಕ ಒಲವು, ಅಂಗವೈಕಲ್ಯ, ಭಾಷೆಯನ್ನೂ ಸೇರಿಸಿರುವುದು ಒಳ್ಳೆಯ ಹೆಜ್ಜೆಯೇ. ವಿರೋಧಿಗಳ ಆಕ್ಷೇಪ ಪದಗಳ ಮೇಲಿದೆ. ಹಗೆತನ, ಅಸೌಹಾರ್ದ, ಕೆಟ್ಟ ಭಾವನೆ ಇವುಗಳ ಗಡಿ ಎಲ್ಲಿ? ತೀಕ್ಷ್ಣ ಟೀಕೆ ಮತ್ತು ದ್ವೇಷದ ನಡುವಿನ ಗೆರೆಯನ್ನು ಮೊದಲು ಎಳೆಯುವವರು ನ್ಯಾಯಾಧೀಶರಲ್ಲ, ಠಾಣಾಧಿಕಾರಿ. ಇಂದು ಆಳುವವರ ಕೈಯಲ್ಲಿರುವ ಅಧಿಕಾರ ನಾಳೆ ಇನ್ನೊಬ್ಬರ ಕೈಗೆ ಹೋಗುತ್ತದೆ.

ಗದ್ದಲದಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಸಂಗತಿ ಶಿಕ್ಷೆಯ ಅಂಕಿಯಲ್ಲಿದೆ. ಪೊಲೀಸ್ ತನಿಖೆಯ ವಿಧಾನವನ್ನು ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ 173(3)ನೇ ಕಲಂ ಪ್ರಕಾರ, ಮೂರು ವರ್ಷ ಅಥವಾ ಅದಕ್ಕಿಂತ ಹೆಚ್ಚು, ಆದರೆ ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ ಪೊಲೀಸರು ಡಿವೈಎಸ್‌ಪಿಯ ಅನುಮತಿ ಪಡೆದು, 14 ದಿನಗಳೊಳಗೆ ಪ್ರಾಥಮಿಕ ವಿಚಾರಣೆ ನಡೆಸಿ, ನಂತರ ಎಫ್‌ಐಆರ್ ಬಗ್ಗೆ ತೀರ್ಮಾನಿಸಬಹುದು. ಕವಿತೆಯಿದ್ದ ವಿಡಿಯೊ ಹಾಕಿದ್ದಕ್ಕೆ ಸಂಸದ ಇಮ್ರಾನ್ ಪ್ರತಾಪ್‌ಗಢಿ ವಿರುದ್ಧ ದಾಖಲಾಗಿದ್ದ ಎಫ್‌ಐಆರ್ ಅನ್ನು 2025ರ ಮಾರ್ಚ್‌ನಲ್ಲಿ ರದ್ದುಗೊಳಿಸುವಾಗ, ಮಾತಿಗೆ ಸಂಬಂಧಿಸಿದ ಪ್ರಕರಣಗಳಲ್ಲಿ ಈ ದಾರಿಯನ್ನೇ ಹಿಡಿಯುವುದು ಸೂಕ್ತ ಎಂದು ಸುಪ್ರೀಂ ಕೋರ್ಟ್ ಹೇಳಿತು. 196, 299, 353 ಈ ಮೂರೂ ಕಲಂಗಳು ಆ ಚೌಕಟ್ಟಿನೊಳಗೆ ಬರುತ್ತವೆ. ಹೊಸ ವಿಧೇಯಕದ ಶಿಕ್ಷೆ ಏಳು ವರ್ಷದವರೆಗೆ ಹೋಗುವುದರಿಂದ ಅದು ‘ಏಳಕ್ಕಿಂತ ಕಡಿಮೆ’ ಎಂಬ ಮಿತಿಯ ಆಚೆಗೆ ಬೀಳುತ್ತದೆ. ಅಂದರೆ ಅದೇ ಸ್ಟೇಟಸ್‌ಗೆ ಹಳೆಯ ಕಲಂ ಹಾಕಿದರೆ ಎಫ್‌ಐಆರ್‌ಗೆ ಮುನ್ನ 14 ದಿನಗಳ ಪರಿಶೀಲನೆಯ ಅವಕಾಶವಿದೆ. ಹೊಸ ಕಾನೂನನ್ನು ಹಾಕಿದರೆ ಆ ಮೆಟ್ಟಿಲು ಇಲ್ಲ, ಮೇಲಾಗಿ ಅಪರಾಧ ಜಾಮೀನು ರಹಿತ. ಗರಿಷ್ಠ ಶಿಕ್ಷೆಯನ್ನು ಏಳರ ಕೆಳಗೆ ಇಳಿಸಿದರೆ, ಅಥವಾ ಪ್ರಾಥಮಿಕ ವಿಚಾರಣೆ ಕಡ್ಡಾಯ ಎಂಬ ಒಂದು ಸಾಲನ್ನು ವಿಧೇಯಕಕ್ಕೆ ಸೇರಿಸಿದರೆ, ದ್ವೇಷ ಹರಡುವವರನ್ನು ಹಿಡಿಯುವ ಶಕ್ತಿ ಕುಂದದೆಯೇ ಈ ಕೊರತೆ ತುಂಬುತ್ತದೆ.